ಹದಿನೈದು ದಿನಕ್ಕೆಂದು ತಂದ ಬೆಕ್ಕು

ಹದಿಮೂರನೆಯ ದಿನದ ಉತ್ತರಕ್ರಿಯೆ, ಬೊಜ್ಜ, ಮುಗಿದ ಮರುದಿನ ಬೆಳಿಗ್ಗೆ ಏಳೂವರೆಗೆ ಮಣ್ಣಗುಡ್ಡದ ಫ್ಲಾಟಿನ ಕೆಳಗೆ ಮೀನಿನ ಸ್ಕೂಟರಿನ ಹಾರ್ನ್ ಕೇಳಿಸಿತು. ಮೂರನೆಯ ಮಹಡಿಯಲ್ಲಿ ಮೊದಲು ಎದ್ದು ನಿಂತದ್ದು ಬೆಕ್ಕು. ಅಷ್ಟು ದಿನ ಮನೆಯಲ್ಲಿ ಸೂತಕ. ಮೀನಿಲ್ಲ, ಮೊಟ್ಟೆಯಿಲ್ಲ, ಟಿವಿಯಿಲ್ಲ. ಮನೆಯದ್ದಲ್ಲದಿದ್ದರೂ ಬೆಕ್ಕು ಹಾಲನ್ನ ತಿಂದುಕೊಂಡು ಎಲ್ಲರ ಜೊತೆ ಸೂತಕ ಕಳೆದಿತ್ತು.

ಬೆಕ್ಕಿನ ವಿಷಯದಲ್ಲಿ ಆ ಮನೆಯ ನಿಲುವು ಸ್ಪಷ್ಟವಿತ್ತು: ಅದು ನಮ್ಮದಲ್ಲ. ಐದು ತಿಂಗಳ ಹಿಂದೆ ಒಂದು ಇಲಿ ಬ್ರೆಡ್ಡಿನ ಪ್ಯಾಕೆಟ್ಟಿಗೆ ತೂತು ಮಾಡಿದಾಗ ಶೋಭಿತ್ ಬಿಜೈಗೆ ಹೋಗಿ, ತನ್ನ ಹೈಸ್ಕೂಲಿನ ಡ್ರಾಯಿಂಗ್ ಮಾಸ್ಟ್ರು ನೊರ್ಬರ್ಟ್ ಅವರಿಂದ ಹದಿನೈದು ದಿನಕ್ಕೆಂದು ಅದನ್ನು ಕೇಳಿ ತಂದಿದ್ದ. ತನ್ನ ಶಟ್ಲ್ ಬ್ಯಾಡ್ಮಿಂಟನ್ ಚೀಲದಲ್ಲಿ ಕೂರಿಸಿ, ಜಿಪ್ಪನ್ನು ನಾಲ್ಕು ಬೆರಳು ತೆರೆದಿಟ್ಟು, ಸ್ಕೂಟರಿನಲ್ಲಿ. ಅವತ್ತೇ ಇಲಿ ಮಾಯವಾಯಿತು. ಹದಿನೈದು ದಿನ ಕಳೆದಾಗ ಶೋಭಿತ್, “ಮಾಸ್ಟ್ರು ಮಸ್ಕತ್‌ಗೆ ಮಗಳ ಮನೆಗೆ ಹೋಗಿದ್ದಾರಂತೆ, ಬರುವವರೆಗೆ ಇರಲಿ” ಎಂದ. ಆಮೇಲೆ ಮಾಸ್ಟ್ರ ಮನೆಗೆ ಪೇಂಟ್ ಹೊಡೆಸುವುದಿತ್ತು. ಆಮೇಲೆ ಮಾಸ್ಟ್ರ ಮೊಣಗಂಟು ನೋವು. ಶೋಭಿತನ ತಾಯಿ ರತ್ನಾವತಿ ಒಂದು ನಿಯಮ ಮಾಡಿದರು. ಬೆಕ್ಕಿಗೆ ಹೆಸರಿಡಬಾರದು, ಹೆಸರಿಟ್ಟರೆ ನಮ್ಮದಾಗುತ್ತದೆ. ಹಾಗಾಗಿ ಅದಕ್ಕೊಂದು ತಟ್ಟೆ ಇತ್ತು, ಸೋಫಾದ ಬಲಬದಿ ಇತ್ತು, ಸಂಜೆ ಶೋಭಿತನ ಮಡಿಲಿತ್ತು. ಹೆಸರಿರಲಿಲ್ಲ.

ಶೋಭಿತ್ ಸತ್ತದ್ದು ಶಟ್ಲ್ ಆಡುತ್ತ. ಮೂವತ್ತೇಳು ವರ್ಷ, ಬಿಪಿ ಇಲ್ಲ, ಶುಗರ್ ಇಲ್ಲ. ಸರ್ವ್ ಮಾಡಲು ಹೊರಟವನು ಕೋರ್ಟಿನಲ್ಲೇ ಕುಳಿತುಬಿಟ್ಟ. ಅವನ ಜೊತೆಯವರು ಚೀಲವನ್ನು ಮನೆಗೆ ತಂದುಕೊಟ್ಟರು. ಅದು ಚಪ್ಪಲಿ ಸ್ಟ್ಯಾಂಡಿನ ಮೇಲೆ, ಜಿಪ್ ಹಾಕಿದ್ದು ಹಾಕಿದಂತೆಯೇ, ಇನ್ನೂ ಇತ್ತು.

ಅವನ ಹೆಂಡತಿ ಚೈತಾಲಿ ಕೊಣಾಜೆಯ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದಿ ಕಾಲೇಜಿನಲ್ಲಿ ಪಾಠ ಹೇಳುವವಳು. ಹದಿಮೂರು ದಿನ ಬಂದವರೆಲ್ಲ ಅವಳು ಅಳುವುದನ್ನು ಕಾದು ಕಾದು ಹೋಗಿದ್ದರು. ಅಂದು ಬೆಳಿಗ್ಗೆ ಅವಳು ಟಿಫಿನ್ ಡಬ್ಬಿಗೆ ನೀರುದೋಸೆ ಹಾಕಿ, ಯೂನಿಫಾರ್ಮಿಗೆ ಇಸ್ತ್ರಿ ಹಾಕಿ, ಏಳು ವರ್ಷದ ಮಗಳು ಸಂಚಿತಾಳ ಬಲಗೈಯನ್ನು ಅಂಗಿಯ ತೋಳಿಗೆ ತೂರಿಸಿದಳು.

“ಅಮ್ಮ, ಅಲ್ಲಿ ನೋಯ್ತದೆ.”

“ಎಲ್ಲಿ?”

“ಕಂಕುಳಲ್ಲಿ. ಎಂತದೋ ಉಂಟು.”

ಇತ್ತು. ಬೆರಳಿಗೆ ಸಿಕ್ಕಿತು, ಜಾರಿತು, ಮತ್ತೆ ಸಿಕ್ಕಿತು. ಚೈತಾಲಿ ಅಂಗಿಯ ಗುಂಡಿ ಹಾಕಿ ಮಗಳನ್ನು ಶಾಲೆಯ ವ್ಯಾನ್ ಹತ್ತಿಸಿ ಬಂದು, ಅಡುಗೆಮನೆಯ ಬಾಗಿಲಲ್ಲಿ ನಿಂತು ಅತ್ತೆಗೆ, “ಮಾಮಿ, ಸಂಚಿಯ ಕಂಕುಳಲ್ಲಿ ಗಂಟು ಉಂಟು” ಎಂದಳು. ರತ್ನಾವತಿಯವರ ಕೈಯಲ್ಲಿದ್ದ ಬಂಗುಡೆ ಮೀನು ಕೆಳಗೆ ಬಿತ್ತು. ಬೆಕ್ಕು ಅದನ್ನು ಎತ್ತಿಕೊಂಡು ಹೋಯಿತು. ಯಾರೂ ಬೈಯಲಿಲ್ಲ.

ಆ ವಾರ ಬಂದವರೆಲ್ಲ ಬೊಜ್ಜಕ್ಕೆ ಬರಲಾಗದವರು. ಸಾವಿನ ಮಾತಾಡಲು ಮುಖ ಸಿದ್ಧಮಾಡಿಕೊಂಡು ಬಂದು, ಗಂಟಿನ ಸುದ್ದಿ ಕೇಳಿ, ಒಳಗೊಳಗೆ ಸ್ವಲ್ಪ ಹಗುರಾಗುತ್ತಿದ್ದರು. ಸಾವಿಗೆ ಏನು ಮಾಡಲೂ ಬರುವುದಿಲ್ಲ. ಗಂಟನ್ನಾದರೆ ಮುಟ್ಟಿ ನೋಡಬಹುದು. ಸಂಚಿತಾ ಊಟದ ಕುರ್ಚಿಯಲ್ಲಿ ಕುಳಿತು, ತರಗತಿಯಲ್ಲಿ ಉತ್ತರ ಗೊತ್ತಿರುವ ಹುಡುಗಿಯ ಹಾಗೆ ಬಲಗೈ ಮೇಲೆತ್ತಿರುತ್ತಿದ್ದಳು. ಎರಡನೆಯ ದಿನಕ್ಕೆ ಅವಳೇ ಕಾನೂನು ಮಾಡಿದಳು.

“ಕೈ ತೊಳೆದು ಬರ್ಬೇಕು. ಒಬ್ಬರು ಒಂದೇ ಸಲ ಒತ್ತುವುದು.”

ರತ್ನಾವತಿಯವರ ಅಣ್ಣ ಸುಂದರ ಮುಂಬೈಯಲ್ಲಿ ಮೂವತ್ತು ವರ್ಷ ಹೋಟೆಲು ನಡೆಸಿ ಬಂದವರು. ಅವರು ಕೈ ತೊಳೆದು, ಒರೆಸಿ, ಕಣ್ಣು ಮುಚ್ಚಿ ಒತ್ತಿದರು.

“ಒಂದು ಸಣ್ಣ ಗೋಳಿಬಜೆಯಷ್ಟು ಉಂಟು.”

“ಎಂತ ಗೋಳಿಬಜೆ?” ಎಂದರು ರತ್ನಾವತಿ. “ಗೇರುಬೀಜದಷ್ಟು ಉಂಟು, ಅಷ್ಟೇ.”

“ಸಿಪ್ಪೆ ಸಮೇತವಾ, ಸುಲಿದದ್ದಾ? ಅದು ಹೇಳ್ಬೇಕು ಮಾರಾಯ್ತಿ. ಡಾಕ್ಟ್ರು ಕೇಳಿದ್ರೆ ಎಂತ ಹೇಳ್ತಿ?”

“ಸಿಪ್ಪೆ ಸಮೇತ.”

“ನಿನ್ನೆ ಬಂದ ಪುತ್ತೂರಿನವರು ನೆಲ್ಲಿಕಾಯಿ ಅಂದ್ರು,” ಎಂದಳು ಸಂಚಿತಾ ಕೈ ಇಳಿಸದೆ.

“ಕಾಡು ನೆಲ್ಲಿಯಾ, ಊರ ನೆಲ್ಲಿಯಾ?”

ಸುಂದರ ಮಾವ ಹೊರಡುವಾಗ ತಮ್ಮ ಕುತ್ತಿಗೆಯ ಚಿನ್ನದ ಸರ ತೆಗೆದು ಮಗುವಿಗೆ ಹಾಕಿದರು. ಮಂಗನಬಾವು ಬಂದು ಕೆನ್ನೆ ಬಾತರೆ ಚಿನ್ನ ಹಾಕುವುದು ಮೊದಲಿನಿಂದ ಉಂಟು, ಕಂಕುಳಿಗೂ ಆಗಬಹುದು, ದೂರವೇನಿಲ್ಲ ಎಂಬುದು ಅವರ ಲೆಕ್ಕಾಚಾರ. ಸರ ಮಗುವಿನ ಹೊಟ್ಟೆಯವರೆಗೆ ಬರುತ್ತಿತ್ತು. ಅದರ ತುದಿಯಲ್ಲಿ ಹುಲಿಯುಗುರಿನ ಆಕಾರದ ಪದಕ. ಬೆಕ್ಕು ಅದರೊಡನೆ ಒಂದು ಗಂಟೆ ಆಡಿತು.

ಐದು ದಿನ ಸಿರಪ್ ಕುಡಿದರೂ ಗಂಟು ಇಳಿಯದಿದ್ದಾಗ ಮಣ್ಣಗುಡ್ಡದ ಡಾಕ್ಟರು ಫಳ್ನೀರಿನ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಅಲ್ಲಿ ಮಕ್ಕಳ ಸರ್ಜನ್ ಡಾಕ್ಟರ್ ರೊಸಾಲಿನ್ ಗಂಟನ್ನು ಮುಟ್ಟಿ ನೋಡಿ, ತುಂಬಿಸಿ ಕೊಟ್ಟಿದ್ದ ಪ್ರಶ್ನೆಗಳ ಫಾರ್ಮನ್ನು ತಿರುಗಿಸಿ ನೋಡಿ, ಚೈತಾಲಿಗೆ ಹೇಳಿದರು:

“ಮಕ್ಕಳಲ್ಲಿ ಇಂಥದ್ದು ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಸಲ ಏನೂ ಇರುವುದಿಲ್ಲ. ಆದ್ರೂ ನೋಡಿಬಿಡುವ. ಮೆತ್ತಗೆ ಇದ್ರೆ ಒಳ್ಳೇದು. ಗಟ್ಟಿಯಾಗ್ತಾ ಹೋದ್ರೆ ಕೂಡಲೇ ಬನ್ನಿ.”

ಚೈತಾಲಿ ತಲೆಯಾಡಿಸಿದಳು. ಶೇಕಡಾವಾರು ಅವಳ ಅನ್ನ. ಬಿಪಿ, ಶುಗರ್ ಇಲ್ಲದ ಮೂವತ್ತೇಳರ ಗಂಡಸು ಶಟ್ಲ್ ಕೋರ್ಟಿನಲ್ಲಿ ಕುಳಿತುಕೊಂಡು ಏಳದೆ ಹೋಗುವ ಸಂಭವ ಎಷ್ಟು ಎಂಬುದನ್ನೂ ಅವಳು ಹುಡುಕಿ ನೋಡಿದ್ದಳು. ಬಹಳ ಕಡಿಮೆ. ತರಗತಿಯಲ್ಲಿ ಹೇಳುವುದಾದರೆ, ಉಪೇಕ್ಷಿಸಬಹುದಾದಷ್ಟು.

ಮನೆಗೆ ಹೋಗುವ ದಾರಿಯಲ್ಲಿ ಅಬ್ದುಲ್ಲನ ತರಕಾರಿ ಅಂಗಡಿಯ ಮುಂದೆ ನೆಲ್ಲಿಕಾಯಿಯ ಬುಟ್ಟಿ ಇತ್ತು. ಅವಳು ಒಂದನ್ನು ಎತ್ತಿ ಎರಡು ಬೆರಳಿನಿಂದ ಒತ್ತಿದಳು. ಇಟ್ಟಳು. ಇನ್ನೊಂದನ್ನು ಒತ್ತಿದಳು. ಏಳೆಂಟು ಆದ ಮೇಲೆ ಅಬ್ದುಲ್ಲ ತಕ್ಕಡಿ ಬಿಟ್ಟು ಬಂದ.

“ಟೀಚರೇ, ಅದು ಮಾವಿನಹಣ್ಣಲ್ಲ. ನೆಲ್ಲಿಕಾಯಿ ಗಟ್ಟಿಯೇ ಇರುವುದು.”

“ಸ್ವಲ್ಪ ಮೆತ್ತಗಿನದ್ದು ಇಲ್ವಾ?”

ಅಬ್ದುಲ್ಲ ಅವಳ ಮುಖವನ್ನೊಮ್ಮೆ ನೋಡಿದ. ಮತ್ತೇನೂ ಕೇಳದೆ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಅವನೂ ಒಂದೊಂದಾಗಿ ಒತ್ತತೊಡಗಿದ. “ಇದು ಆಗ್ಬಹುದಾ ನೋಡಿ,” ಎಂದು ಕೊನೆಗೊಂದನ್ನು ಕೊಟ್ಟ. ಕೊಳೆತಿತ್ತು. ಅವಳಿಗೆ ಅದೇ ಬೇಕಿತ್ತು. ಚೀಲದಲ್ಲಿ ಹಾಕಿಕೊಂಡು ಬಂದಳು.

ಪರೀಕ್ಷೆಗೆ ರಕ್ತ ಕೊಟ್ಟರು, ಎಕ್ಸರೇ ತೆಗೆಸಿದರು. ಟಿಬಿ ಉಂಟೋ ನೋಡಲು ಮುಂಗೈಗೆ ಸೂಜಿ ಚುಚ್ಚಿ, ಎರಡು ದಿನ ಬಿಟ್ಟು, ಸ್ಕೇಲಿನಿಂದ ಅಳೆದರು. ಸ್ಕ್ಯಾನಿಂಗಿನವರು ಸರ ತೆಗೆಯಿರಿ ಎಂದಾಗ ಸುಂದರ ಮಾವ, “ಅದು ತೆಗೆದ್ರೆ ಗಂಟು ಸರಿಯಾಗಿ ಕಾಣ್ಲಿಕ್ಕಿಲ್ಲ” ಎಂದು ವಾದಿಸಿ, ಹೊರಗೆ ಕೂರಬೇಕಾಯಿತು. ಪ್ರತಿಯೊಂದು ಕಡೆಯೂ ಹೊಸ ಫಾರ್ಮು. ತಂದೆಯ ಫೋನ್ ನಂಬರು ಎಂಬಲ್ಲಿ ಚೈತಾಲಿಯ ಕೈ ತಾನಾಗಿಯೇ ಶೋಭಿತನ ನಂಬರು ಬರೆಯುತ್ತಿತ್ತು. ಮನೆಯಲ್ಲಿ ಸಾಕುಪ್ರಾಣಿಗಳು ಇವೆಯೇ ಎಂಬಲ್ಲಿಗೆ ಬಂದಾಗ ಮೊದಲ ಸಲ ಅವಳ ಪೆನ್ನು ನಿಂತಿತ್ತು.

“ಇಲ್ಲ ಅಂತ ಬರಿ,” ಎಂದರು ಪಕ್ಕದಲ್ಲಿ ಕುಳಿತ ರತ್ನಾವತಿ.

“ಬೆಕ್ಕು ಉಂಟಲ್ಲ ಮಾಮಿ.”

“ಅದು ನಮ್ಮದಾ? ನಾಳೆ ಮಾಸ್ಟ್ರಿಗೆ ಗೊತ್ತಾದ್ರೆ ಎಂತ ಎಣಿಸಿಯಾರು? ಹದಿನೈದು ದಿನಕ್ಕೆ ಕೊಂಡುಹೋದವರು ಆಸ್ಪತ್ರೆಯಲ್ಲಿ ತಮ್ಮದು ಅಂತ ಬರೆದುಕೊಟ್ಟಿದ್ದಾರೆ ಅಂತ.”

ಆ ದಿನಗಳಲ್ಲಿ ಚೈತಾಲಿಗೆ ಯಾರು ಹೇಳಿದ್ದೂ ನ್ಯಾಯವಾಗಿಯೇ ಕಾಣುತ್ತಿತ್ತು. ‘ಇಲ್ಲ’ ಎಂದು ಬರೆದಳು. ಒಟ್ಟು ನಾಲ್ಕು ಫಾರ್ಮುಗಳಲ್ಲಿ ಬರೆದಳು.

ಎಲ್ಲ ಪರೀಕ್ಷೆಯಲ್ಲೂ ಏನೂ ಸಿಗಲಿಲ್ಲ. ಏನೂ ಸಿಗದಿರುವುದು ಒಳ್ಳೆಯದೆಂದು ಸುಂದರ ಮಾವ, ಕೆಟ್ಟದ್ದೆಂದು ರತ್ನಾವತಿ. ಗಂಟು ಮಾತ್ರ ಇದ್ದಲ್ಲೇ ಇತ್ತು. ಕೊನೆಗೆ ಡಾಕ್ಟರ್ ರೊಸಾಲಿನ್ ಸೂಜಿ ಹಾಕಿ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿಗೆ ಐದು ದಿನ.

ಆ ಐದು ದಿನ ಮನೆಯಲ್ಲಿ ಯಾರೂ ಗಂಟು ಮುಟ್ಟಲಿಲ್ಲ. ಬಂದವರಿಗೆ ಸಂಚಿತಾ, “ಇವತ್ತು ರಜೆ” ಎನ್ನುತ್ತಿದ್ದಳು. ಚೈತಾಲಿ ಕಾಲೇಜಿಗೆ ಹೋಗಿ ಪಾಠ ಮಾಡಿದಳು, ಉತ್ತರಪತ್ರಿಕೆ ತಿದ್ದಿದಳು, ಒಬ್ಬ ಹುಡುಗನಿಗೆ ನೂರಕ್ಕೆ ನೂರಮೂರು ಕೊಟ್ಟಳು. ಅವನು ಬಂದು ಮೂರು ಹಿಂದೆ ಕೊಟ್ಟು ಹೋದ.

ಆರನೆಯ ದಿನ ಬೆಳಿಗ್ಗೆ ಶೋಭಿತನ ಫೋನು ಸದ್ದು ಮಾಡಿತು. ಅವಳು ಅದನ್ನು ಇನ್ನೂ ಚಾರ್ಜಿಗೆ ಇಡುತ್ತಿದ್ದಳು. ‘ಪ್ರಿಯ ಶೋಭಿತ್, ನಿಮ್ಮ ವರದಿ ಸಿದ್ಧವಾಗಿದೆ.’ ಅವಳು ಅದನ್ನು ಓದಿ, ಅವನಿಗೆ ತಿಳಿಸಬೇಕೆಂದು ಅರ್ಧ ತಿರುಗಿ, ಮತ್ತೆ ಸೀರೆಯ ನೆರಿಗೆ ಹಿಡಿದಳು.

ಡಾಕ್ಟರ್ ರೊಸಾಲಿನ್ ಎರಡು ಪುಟವನ್ನೂ ಓದಿ ಮುಗಿಸುವವರೆಗೆ ಸುಂದರ ಮಾವ ಎದ್ದು ನಿಂತೇ ಇದ್ದರು.

“ಕೆಟ್ಟದ್ದು ಎಂತದೂ ಇಲ್ಲ,” ಎಂದರು ಡಾಕ್ಟರು. “ಆದ್ರೆ ಇದರಲ್ಲಿ ಕಾಣುವ ಲಕ್ಷಣ ಸಾಧಾರಣವಾಗಿ ಬೆಕ್ಕು ಪರಚಿದಾಗ ಬರುವಂಥದ್ದು. ನಿಮ್ಮಲ್ಲಿ ನೋಡಿದ್ರೆ ಎಲ್ಲಾ ಕಡೆ ಇಲ್ಲ ಅಂತ ಬರೆದಿದ್ದೀರಿ. ಬೆಕ್ಕು ಇಲ್ವಾ?”

“ಇಲ್ಲ,” ಎಂದರು ರತ್ನಾವತಿ.

“ಉಂಟು,” ಎಂದಳು ಸಂಚಿತಾ.

“ಅದು ನಮ್ಮದಲ್ಲ ಡಾಕ್ಟ್ರೇ. ನೊರ್ಬರ್ಟ್ ಮಾಸ್ಟ್ರದ್ದು. ಬಿಜೈಯವರು.”

“ಹೌದಾ. ಅದು ಎಲ್ಲಿರ್ತದೆ?”

“ನಮ್ಮ ಮನೆಯಲ್ಲಿ.”

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಎಷ್ಟು ಸಮಯದಿಂದ?”

“ಆರು ತಿಂಗಳಾಯ್ತು. ಆದ್ರೆ ಹದಿನೈದು ದಿನಕ್ಕೆ ಅಂತ ತಂದದ್ದು.”

ಡಾಕ್ಟರು ಮೇಜಿನ ಮೇಲೆ ಬಾಗಿ ಸಂಚಿತಾಳನ್ನು ಕೇಳಿದರು: “ಅದು ನಿನಗೆ ಪರಚಿತ್ತಾ ಮಗಾ?”

“ಒಂದೇ ಸಲ.” ಅವಳು ಬಲಗೈಯ ಹೆಬ್ಬೆರಳಿನ ಬುಡ ತೋರಿಸಿದಳು. ಒಂದು ತೆಳ್ಳಗಿನ ಗೆರೆ, ಹೆಚ್ಚುಕಡಿಮೆ ಮಾಸಿಹೋದದ್ದು. “ಅಪ್ಪನನ್ನು ಕೊಂಡುಹೋಗುವ ದಿನ. ತುಂಬಾ ಜನ ಇದ್ರು, ಬೆಕ್ಕಿಗೆ ಹೆದರಿಕೆ ಆಗ್ತಿತ್ತು. ನಾನು ಮಂಚದ ಅಡಿಯಲ್ಲಿ ಗಟ್ಟಿ ಹಿಡ್ಕೊಂಡಿದ್ದೆ.”

“ಹೇಳ್ಲಿಲ್ಲ ಯಾಕೆ ಸಂಚಿ?” ಎಂದಳು ಚೈತಾಲಿ.

“ನೀನು ಎಂತದೂ ಕೇಳ್ತಿರ್ಲಿಲ್ಲ.”

ಚೈತಾಲಿ ಮಗಳ ಹೆಬ್ಬೆರಳನ್ನು ಹಿಡಿದುಕೊಂಡಳು. ಅವಳ ಮೂಗಿನ ತುದಿಯಿಂದ ಒಂದು ಹನಿ ವರದಿಯ ಮೇಲೆ ಬಿತ್ತು, ಆಮೇಲೆ ಇನ್ನೊಂದು. ರತ್ನಾವತಿ ಸೆರಗಿನ ತುದಿಯಿಂದ ಮೊದಲು ಕಾಗದ ಒರೆಸಿದರು, ಆಮೇಲೆ ಸೊಸೆಯ ಮುಖ.

“ಎರಡು ಮೂರು ತಿಂಗಳಲ್ಲಿ ತಾನೇ ಇಳೀತದೆ,” ಎಂದರು ಡಾಕ್ಟರು. “ಬೆಕ್ಕಿಗೆ ಎಂತದೂ ಮಾಡ್ಬೇಡಿ, ಅದರ ತಪ್ಪಲ್ಲ. ಪರಚಿದ್ರೆ ಸಾಬೂನಲ್ಲಿ ತೊಳೀರಿ, ಅಷ್ಟೇ. ಮತ್ತೆ, ಇನ್ನು ಮುಂದೆ ಫಾರ್ಮಿನಲ್ಲಿ ‘ಉಂಟು’ ಅಂತ ಬರೀರಿ.”

“ಇನ್ನು ಬರೆಯುವುದು ಬೇಡ ಡಾಕ್ಟ್ರೇ,” ಎಂದಳು ಚೈತಾಲಿ. “ಅದನ್ನು ಕೊಟ್ಟುಬಿಡ್ತೇವೆ.”

ಇದಕ್ಕೆ ಅಡ್ಡ ಬಂದದ್ದು ರತ್ನಾವತಿ. ಆದಿತ್ಯವಾರ ಬೆಳಿಗ್ಗೆ ಬೆಕ್ಕಿಗೆ ಬಂಗುಡೆಯ ತಲೆಯಲ್ಲ, ನಡು ತುಂಡು ಹಾಕುತ್ತ, “ನಾಲ್ಕು ದಿನ ಇರ್ಲಿ. ಇಲಿ ಬಂದ್ರೆ?” ಎಂದರು.

“ಅಪ್ಪ ಕೇಳಿ ತಂದದ್ದು ಅಜ್ಜಿ,” ಎಂದಳು ಸಂಚಿತಾ. “ಕೇಳಿ ತಂದದ್ದು ಕೊಡ್ಬೇಕು. ನಾನು ಶನಿವಾರ ಶನಿವಾರ ಹೋಗಿ ಅದನ್ನು ನೋಡ್ತೇನೆ.”

ಬೆಕ್ಕನ್ನು ಹಾಕಲು ಮನೆಯಲ್ಲಿ ಬೇರೆ ಚೀಲವಿರಲಿಲ್ಲ. ಚೈತಾಲಿ ಚಪ್ಪಲಿ ಸ್ಟ್ಯಾಂಡಿನ ಮುಂದೆ ಸ್ವಲ್ಪ ಹೊತ್ತು ನಿಂತು, ಶಟ್ಲ್ ಚೀಲದ ಜಿಪ್ ಎಳೆದಳು. ಒಣಗಿ ಕಡ್ಡಿಯಂತಾದ ಟವೆಲ್ಲು, ಕಾಲುಚೀಲ, ಅರ್ಧ ಬಾಟ್ಲಿ ನೀರು, ಎರಡು ಗರಿ ಮುರಿದ ಶಟ್ಲ್. ಟವೆಲ್ಲೊಂದನ್ನು ಬಿಟ್ಟು ಉಳಿದದ್ದನ್ನು ತೆಗೆದಿಟ್ಟಳು. ಬೆಕ್ಕು ತಾನೇ ಬಂದು, ಮೂಸಿ, ಒಳಗಿಳಿದು ಟವೆಲ್ಲಿನ ಮೇಲೆ ಮುದುಡಿ ಕುಳಿತಿತು. ಅವಳು ಜಿಪ್ಪನ್ನು ನಾಲ್ಕು ಬೆರಳು ತೆರೆದಿಟ್ಟಳು.

ಬಿಜೈಯಲ್ಲಿ ನೊರ್ಬರ್ಟ್ ಮಾಸ್ಟ್ರು ಬಾಗಿಲು ತೆರೆದರು. ಗೋಡೆಗೆ ಹೊಸ ಪೇಂಟಿನ ಗುರುತಿರಲಿಲ್ಲ. ಮೊಣಗಂಟೂ ಚೆನ್ನಾಗಿಯೇ ಇತ್ತು.

“ಇಂಥ ದುಃಖದಲ್ಲಿ ಇದಕ್ಕೋಸ್ಕರ ಬಂದ್ರಾ? ನಾನು ಕೇಳ್ಲಿಲ್ವಲ್ಲ ಅಮ್ಮ,” ಎಂದರು. ಚೀಲದ ಕಡೆ ನೋಡಿ ದನಿ ತಗ್ಗಿಸಿದರು. “ಹಾಗಾದ್ರೆ ಅದು ಸಿಕ್ಕಿತಾ?”

“ಯಾವುದು ಸರ್?”

“ಆ ದೊಡ್ಡ ಇಲಿ. ಶೋಭಿತ್ ಪ್ರತಿ ಆದಿತ್ಯವಾರ ಫೋನ್ ಮಾಡ್ತಿದ್ದ. ಐದು ಹಿಡಿಯಿತು ಸರ್, ಎಂಟು ಹಿಡಿಯಿತು ಸರ್, ಒಂದು ಮಾತ್ರ ಬಾಕಿ ಉಂಟು, ಅಟ್ಟದಲ್ಲಿ ಕೂತಿದೆ, ಬಾಲವೇ ಒಂದು ಮೊಳ ಉಂಟು. ಅದೊಂದು ಸಿಕ್ಕಿದ ಕೂಡಲೇ ತಂದುಕೊಡ್ತೇನೆ ಅಂತ.”

“ನಿಮ್ಮ ಮಗಳು ಮಸ್ಕತ್‌ನಲ್ಲಿರುವುದಾ ಸರ್?”

“ಮಗಳಾ? ನನಗೆ ಇಬ್ಬರೂ ಗಂಡುಮಕ್ಕಳು.”

ಚೈತಾಲಿ ಚೀಲದ ಪಟ್ಟಿಯನ್ನು ಇನ್ನೊಂದು ಹೆಗಲಿಗೆ ಬದಲಿಸಿದಳು. ಮೂರನೆಯ ಮಹಡಿಯ ಆ ಫ್ಲಾಟಿಗೆ ಅಟ್ಟವಿಲ್ಲ.

“ಸಿಕ್ಕಿತು ಸರ್,” ಎಂದಳು.

“ಯಾವಾಗ?”

“ಮೊನ್ನೆ.”

“ಇಷ್ಟುದ್ದ ಇತ್ತು,” ಎಂದು ಸಂಚಿತಾ ಎರಡೂ ಕೈ ಆದಷ್ಟು ಅಗಲಿಸಿದಳು. ಬಲಗೈ ಎತ್ತುವಾಗ ಮುಖ ಸ್ವಲ್ಪವೇ ಕಿವುಚಿಕೊಂಡಿತು.

“ದೇವರೇ,” ಎಂದರು ಮಾಸ್ಟ್ರು ಸಂತೋಷದಿಂದ, ಬೆಕ್ಕಿಗೆ ಕೈ ಚಾಚುತ್ತ. ಅದು ಟವೆಲ್ಲಿಗೆ ಉಗುರು ಊರಿ ಕೂತಿತ್ತು. ಎಳೆದರೆ ಟವೆಲ್ಲೂ ಬರುತ್ತಿತ್ತು. ಚೈತಾಲಿ ಎರಡನ್ನೂ ಒಟ್ಟಿಗೆ ಎತ್ತಿ ಅವರ ಕೈಗೆ ಕೊಟ್ಟಳು.

“ಟವೆಲ್ಲು ನಮ್ಮದು ಸರ್,” ಎಂದಳು. “ಹದಿನೈದು ದಿನ ಬಿಟ್ಟು ಕೊಟ್ರೆ ಸಾಕು.”