ಖಂಡೇ ಪೂಜೆಯ ಫೋಟೋದಲ್ಲಿ ನಾನು

ನಾನು ಒಂದು ಎಪಿಐ ಕೀಲಿ. ಕಬ್ಬಿಣದ ಕೀಲಿ ಅಂದುಕೊಂಡು ಜೇಬು ತಡಕಬೇಡಿ, ಸಿಗುವುದಿಲ್ಲ. ನಲವತ್ತು ಅಕ್ಷರ, ಅಂಕಿಗಳ ಒಂದು ಸಾಲು, ಅಷ್ಟೇ ನನ್ನ ಮೈ. ಮೊಬೈಲಿಗೆ ಮೆಸೇಜ್ ಕಳಿಸುವ ಕಂಪನಿಯೊಂದರ ಕಂಪ್ಯೂಟರಿನಲ್ಲಿ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಹುಟ್ಟಿದೆ. ನನ್ನನ್ನು ತೋರಿಸಿದವರ ಮೆಸೇಜನ್ನು ಆ ಕಂಪನಿ ಕಳಿಸುತ್ತದೆ. ತೋರಿಸಿದವರು ಯಾರು ಎಂದು ಕೇಳುವ ಬುದ್ಧಿಯನ್ನು ಮಾತ್ರ ನನಗೆ ಯಾರೂ ಕೊಡಲಿಲ್ಲ.

ನನ್ನನ್ನು ಮಾಡಿಸಿಕೊಂಡವನು ವಿರೂಪಾಕ್ಷ ಅಂಗಡಿ, ಹುಬ್ಬಳ್ಳಿಯ ಒಂದು ರಕ್ತನಿಧಿಯ ಕಂಪ್ಯೂಟರ್ ಕೆಲಸ ನೋಡಿಕೊಳ್ಳುವವನು. ನಮ್ಮಂಥವರನ್ನು ಇಡಲೆಂದೇ ಕ್ಲೌಡಿನಲ್ಲಿ ಭದ್ರವಾದ ತಿಜೋರಿ ಇರುತ್ತದೆ, ಸೀಕ್ರೆಟ್ ಮ್ಯಾನೇಜರ್ ಎನ್ನುತ್ತಾರೆ. ಅವನಿಗೆ ಅದು ಗೊತ್ತಿತ್ತು. "ಮುಂದಿನ ವಾರ ಇಡೂಣು" ಎಂದ. ಎರಡು ವರ್ಷವಾದರೂ ಆ ವಾರ ಬರಲಿಲ್ಲ! ಮೆಸೇಜ್ ಕಳಿಸುವ ಪ್ರೋಗ್ರಾಂ ನಿಂತು ಮತ್ತೆ ಶುರುವಾದಾಗಲೆಲ್ಲ ನನ್ನನ್ನು ಟೈಪ್ ಮಾಡಬೇಕಿತ್ತು. ಅದಕ್ಕೆಂದು ಹಳದಿ ಚೀಟಿಯ ಮೇಲೆ ದಪ್ಪಕ್ಷರದಲ್ಲಿ ಬರೆದು ನೀಲಮ್ಮನ ಕಂಪ್ಯೂಟರಿನ ಅಂಚಿಗೆ ಅಂಟಿಸಿಬಿಟ್ಟ.

ನೀಲಮ್ಮ ಬಡಿಗೇರ ರಕ್ತದಾನಿಗಳನ್ನು ಕರೆಸುವ ಕೆಲಸದಾಕೆ. ಯಾವ ಗುಂಪಿನ ರಕ್ತ ಬೇಕೋ ಒತ್ತಿದರೆ ಸಾಕು, ನಾನು ಓಡುತ್ತಿದ್ದೆ. ಆ ಎರಡು ವರ್ಷ ನಾನು ಎಷ್ಟು ಬೀಗುತ್ತಿದ್ದೆ ಗೊತ್ತೇ? ದಾನಿಗಳು ಬಂದು ಕುರ್ಚಿಯಲ್ಲಿ ತೋಳು ಚಾಚಿದಾಗಲೆಲ್ಲ ಇದು ನನ್ನದೇ ಪುಣ್ಯ ಅಂದುಕೊಳ್ಳುತ್ತಿದ್ದೆ.

ಮಹಾನವಮಿ ಬಂತು, ಖಂಡೇ ಪೂಜೆ. ದುಡಿಯುವ ಸಾಮಾನಿಗೆ ಕೈಮುಗಿಯುವ ದಿನ. ನೀಲಮ್ಮ ಫ್ರಿಜ್ಜಿಗೆ, ತಕ್ಕಡಿಗೆ ಕುಂಕುಮ ಹಚ್ಚಿ ನನ್ನ ಹತ್ತಿರ ಬಂದಳು.

"ಖರೇ ದುಡಿಯೂದು ಇದ ನೋಡ್ರಿ" ಎಂದು, ಒಂದಕ್ಷರವೂ ಅಳಿಸದಂತೆ ಚೀಟಿಯ ನಾಲ್ಕು ಮೂಲೆಗೆ ಕುಂಕುಮ ಇಟ್ಟು, ಮೇಲೆ ಸೇವಂತಿಗೆ ಸಿಕ್ಕಿಸಿದಳು. ಫೋಟೋ ತೆಗೆದು ರಕ್ತನಿಧಿಯ ಫೇಸ್‌ಬುಕ್ ಪುಟಕ್ಕೆ ಹಾಕಿದಳು. ನಾನು ಹಿಗ್ಗಿ ಹೀರೇಕಾಯಿಯಾದೆ. ನನ್ನ ನಲವತ್ತು ಅಕ್ಷರಗಳೂ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತಿದ್ದವು.

ಮರುದಿನ ಬೆಳಿಗ್ಗೆ ಯಾರೋ ನನ್ನನ್ನು ತೋರಿಸಿದರು. ಯಾರೆಂದು ಇವತ್ತಿಗೂ ಗೊತ್ತಿಲ್ಲ. ಮೆಸೇಜ್ ಕಂಪನಿಯಲ್ಲಿ ಉಳಿಸಿಟ್ಟಿದ್ದ ದಾನಿಗಳ ಪಟ್ಟಿ ಕೇಳಿದರು, ಕೊಟ್ಟೆ. 'ದಸರಾ ಬಹುಮಾನ ಬಂದಿದೆ, ಈ ಲಿಂಕ್ ಒತ್ತಿ' ಎಂಬ ಮೆಸೇಜ್ ರಕ್ತನಿಧಿಯ ಹೆಸರಿನಲ್ಲೇ ಕಳಿಸೆಂದರು, ಎಲ್ಲರಿಗೂ ಕಳಿಸಿದೆ. ನೀಲಮ್ಮನಿಗೆ ದುಡಿದಷ್ಟೇ ನಿಷ್ಠೆಯಿಂದ ಕಳ್ಳನಿಗೂ ದುಡಿದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಅದೇ ಮಧ್ಯಾಹ್ನ ಆಸ್ಪತ್ರೆಯಿಂದ ಫೋನ್ ಬಂತು. ಶಾಂತವ್ವ ಎಂಬಾಕೆಗೆ ಹೆರಿಗೆಯಾಗಿದೆ, ರಕ್ತಸ್ರಾವ ನಿಲ್ಲುತ್ತಿಲ್ಲ, ಓ ನೆಗೆಟಿವ್ ಬೇಕು. ಫ್ರಿಜ್ಜಿನಲ್ಲಿದ್ದ ಒಂದೇ ಚೀಲವನ್ನು ಕೂಡಲೇ ಆಕೆಗೆ ಕಳಿಸಿದ್ದಾಯಿತು. ಸಂಜೆಯೊಳಗೆ ಇನ್ನೊಂದು ಬೇಕಿತ್ತು. ಪಟ್ಟಿಯಲ್ಲಿ ಆ ಗುಂಪಿನವರು ಹನ್ನೊಂದು ಜನ. ನೀಲಮ್ಮ ಒತ್ತಿದಳು, ನಾನು ಓಡಿದೆ. ಯಾರೂ ಉತ್ತರಿಸಲಿಲ್ಲ. ಸುಳ್ಳು ಬಹುಮಾನಕ್ಕೆ ಸಿಟ್ಟಾಗಿ ಏಳು ಜನ ಬೆಳಿಗ್ಗೆಯೇ ನಮ್ಮ ಹೆಸರನ್ನು ಬ್ಲಾಕ್ ಮಾಡಿದ್ದರು, ಉಳಿದವರು ಇದನ್ನೂ ನಂಬಲಿಲ್ಲ.

ನೀಲಮ್ಮ ಕರೆದದ್ದಕ್ಕೆ ವಿರೂಪಾಕ್ಷ ಓಡಿ ಬಂದವನೇ ಪರದೆಯಲ್ಲಿ ಬಹುಮಾನದ ಮೆಸೇಜುಗಳನ್ನು ನೋಡಿ ತಲೆ ಮೇಲೆ ಕೈಯಿಟ್ಟ.

"ಅಕ್ಕಾರ, ಕೀಲಿ ಕಳುವಾಗೇತ್ರಿ. ಫೋಟೋದಾಗಿಂದನ!"

"ಯವ್ವಾ, ಪೂಜಿ ಮಾಡಿ ನಾನ ಕೊಟ್ಟಂಗಾತಲ್ಲೋ ತಮ್ಮಾ!"

"ತಪ್ಪು ನಿಮ್ದಲ್ರಿ. ಚೀಟಿ ಹಚ್ಚಿದಾಂವ ನಾನು."

ಅಲ್ಲೇ ನಿಂತು ಅವನು ನನ್ನನ್ನು ರದ್ದು ಮಾಡಿದ. ನೋವಾಗಲಿಲ್ಲ. ನಿಜ ಹೇಳಬೇಕೆಂದರೆ, ಕಳ್ಳನ ಚಾಕರಿ ತಪ್ಪಿತಲ್ಲ ಎಂದು ಹಾಯೆನಿಸಿತು. ಹೊಸ ಕೀಲಿ ಹುಟ್ಟಿತು. ಅದು ನೇರ ತಿಜೋರಿ ಸೇರಿತು. ಪ್ರೋಗ್ರಾಂ ಹೋಗಿ ಕೇಳಿದರೆ, ಕೇಳುವವರು ಯಾರೆಂದು ತಿಜೋರಿ ಮೊದಲು ನೋಡುತ್ತದೆ, ಆಮೇಲೆ ಕೊಡುತ್ತದೆ, ಯಾರು ಯಾವಾಗ ಒಯ್ದರೆಂದು ಬರೆದಿಡುತ್ತದೆ. ನನಗಿಲ್ಲದ ಬುದ್ಧಿ ಅದಕ್ಕಿತ್ತು. ಆದರೆ ಬ್ಲಾಕ್ ಮಾಡಿದವರಿಗೆ ಹೊಸ ಕೀಲಿಯಾದರೂ ಏನು ಮುಟ್ಟಿಸೀತು?

ನೀಲಮ್ಮ ತನ್ನ ಮೊಬೈಲ್ ತೆಗೆದು ಒಬ್ಬೊಬ್ಬರಿಗೇ ಫೋನ್ ಹಚ್ಚಿದಳು. ಇಬ್ಬರು ಊರಲ್ಲಿರಲಿಲ್ಲ, ಮೂವರು ಎತ್ತಲೇ ಇಲ್ಲ. ಒಬ್ಬರು, "ಮುಂಜಾನೆ ಬಹುಮಾನ ಕೊಟ್ರಿ, ಈಗ ರಕ್ತ ಕೇಳ್ತೀರೇನು?" ಎಂದು ಕಟ್ ಮಾಡಿದರು. ಆಕೆ ಮುಂದಿನ ನಂಬರ್ ಒತ್ತಿದಳು. ಏಳನೆಯವರು ಬಸ್ ಕಂಡಕ್ಟರ್ ಯಂಕಣ್ಣ. ಅವರೂ ನಂಬಲಿಲ್ಲ.

"ಯಂಕಣ್ಣಾರ, ಹೋದ ವರ್ಷ ಸೂಜಿ ನೋಡಿ ಕಣ್ಣು ಮುಚ್ಚಿದ್ರಿ. ನಾನ ನಿಮ್ಮ ಕೈ ಹಿಡಿದಿದ್ದೆ. ನೆನಪೈತಿಲ್ರಿ?"

ಯಂಕಣ್ಣ ನಕ್ಕುಬಿಟ್ಟರು. "ಹಬ್ಬದ ಬನ್ನಿ ಕೊಡಾಕ ಹೊಂಟಿದ್ದೆ. ಬಂದ್ನಿ ತಡೀರಿ" ಎಂದರು. ಹೊಸ ಅಂಗಿಯಲ್ಲೇ ಬಂದರು. ಪರೀಕ್ಷೆಯೆಲ್ಲ ಮುಗಿದು, ದೀಪ ಹಚ್ಚುವ ಹೊತ್ತಿಗೆ ಚೀಲ ಆಸ್ಪತ್ರೆ ಸೇರಿತು. ಶಾಂತವ್ವ ಬದುಕಿದಳು.

ಈಗ ನಾನು ರದ್ದಾದ ಮುದಿ ಕೀಲಿ. ಕುಂಕುಮ ಹಚ್ಚಿದ್ದನ್ನು ಕಸದ ಬುಟ್ಟಿಗೆ ಹಾಕಬಾರದೆಂದು ನೀಲಮ್ಮ ಚೀಟಿಯನ್ನು ಮೇಜಿನ ಡ್ರಾವರಿನಲ್ಲಿ ಇಟ್ಟಿದ್ದಾಳೆ. ಯಾರು ಓದಿದರೂ ಇನ್ನು ನನ್ನಿಂದ ಕೆಡುಕಿಲ್ಲ, ಒಳಿತೂ ಇಲ್ಲ. ಹೊಸ ಕೀಲಿಯ ಮುಖವನ್ನು ಯಾರೂ ನೋಡಿಲ್ಲ, ಅದಕ್ಕೆ ಹೂವೂ ಇಲ್ಲ. ಅದೇ ಅದರ ಪುಣ್ಯ.

ಬ್ಲಾಕ್ ಮಾಡಿದ ದಾನಿಗಳು ಎಲ್ಲ ಗುಂಪಿನವರೂ ಸೇರಿ ಮುನ್ನೂರು ಮಂದಿ. ತಿಜೋರಿಯಿಂದ ಅವರ ನಂಬಿಕೆ ತಿರುಗಿ ಬರುವುದಿಲ್ಲ. ಅದಕ್ಕೇ ನೀಲಮ್ಮ ಊಟ ಮುಗಿಸಿ ದಿನಕ್ಕೆ ನಾಲ್ಕು ಜನರಿಗೆ ಫೋನ್ ಮಾಡುತ್ತಾಳೆ. ಡ್ರಾವರಿನೊಳಗೆ ನನಗೆ ಎಲ್ಲ ಕೇಳಿಸುತ್ತದೆ. "ಆ ಸುಳ್ಳು ಮೆಸೇಜ್ ನಮ್ಮ ಕೀಲಿಯಿಂದನ ಬಂದಿದ್ದು ಖರೇರಿ. ತಪ್ಪು ನಮ್ದ. ಇನ್ನೊಮ್ಮೆ ನಂಬ್ರಿ." ಇವತ್ತಿಗೆ ತೊಂಬತ್ತಾರು ಜನರಿಗೆ ಫೋನ್ ಮಾಡಿದಂತಾಯಿತು.