ಉಂಡ ಮೇಲೆ ಹೇಳುವ ಸುದ್ದಿ

ಬೆಳಿಗ್ಗೆ ಮೆಣಸಿನಕಾಯಿ ಹೊಲದ ಬದುವಿನ ಮೇಲೆ ಕೂತ ಫಕ್ಕೀರಸಾಬ ಮತ್ತೆ ಏಳಲಿಲ್ಲ. ಸಂಜೆಯ ಅಸರ್ ನಮಾಜಿನ ನಂತರ ಮಣ್ಣು ಎಂದು ಹಿರಿಯರು ಗೊತ್ತುಮಾಡಿದ್ದರು. ಕರ್ಜಗಿಯ ಅರ್ಧ ಊರೇ ಅಂಗಳದಲ್ಲಿ ನೆರೆದಿತ್ತು. ಮಸ್ಕತ್‌ನಲ್ಲಿ ಲಾರಿ ಓಡಿಸುವ ಮಗ ಅಶ್ಫಾಕನಿಗೆ ಮಾತ್ರ ಇನ್ನೂ ಯಾರೂ ತಿಳಿಸಿರಲಿಲ್ಲ. ಹೆಂಡತಿ ಸುಗರಾಬಿ ತಿಳಿಸಗೊಟ್ಟಿರಲಿಲ್ಲ.

"ಸಾವಿನ ಸುದ್ದಿ ಹಸದಾವಗ ಹೇಳಬಾರದು. ಕೇಳಿದ ಮ್ಯಾಲ ತುತ್ತು ಇಳಿಯೂದಿಲ್ಲ. ಅವ ಉಣ್ಣಲಿ, ನಾನ ಹೇಳತೇನಿ," ಎಂದು ಮಗಳು ಸಲ್ಮಾಳ ಕೈಯಿಂದ ಫೋನು ಕಸಿದುಕೊಂಡಿದ್ದಳು.

ಮೂರು ಗಂಟೆಗೆ, ಮಸ್ಕತ್‌ನಲ್ಲಿ ಈಗ ಊಟದ ಹೊತ್ತೆಂದು, ಹಿತ್ತಲಿಗೆ ಹೋಗಿ ಫೋನು ಹಚ್ಚಿದಳು.

"ಉಂಡ್ಯಾ?"

"ಈಗ ತಾಟಿನ ಮುಂದ ಕುಂತೇನಿ. ಯಾಕಬೇ, ಈ ಹೊತ್ತಿನ್ಯಾಗ?"

"ಸುಮ್ನ. ನೀ ಉಣ್ಣು, ನಾ ಊರ ಸುದ್ದಿ ಹೇಳತೇನಿ."

ಸುದ್ದಿಗೇನು ಬರ? ಎಮ್ಮೆ ಹೆಣ್ಣುಗರು ಹಾಕಿತ್ತು. ಈ ಸಲ ಮೆಣಸಿನ ಗಿಡಕ್ಕೆ ರೋಗ ಬಿದ್ದಿಲ್ಲ, ಬ್ಯಾಡಗಿ ಪೇಟೆಯವರು ಕಣ್ಣುಬಿಟ್ಟು ನೋಡುವಂಥ ಕೆಂಪು. ಡಾಕಪ್ಪ ಹೊಸ ಟ್ರ್ಯಾಕ್ಟರ್ ತಂದ ದಿನವೇ ಹಳ್ಳಕ್ಕಿಳಿಸಿ, ಎತ್ತು ಕಟ್ಟಿ ಎಳೆಸಿದ್ದ. ಮಗ ಅನ್ನ ನೆತ್ತಿಗೇರುವಷ್ಟು ನಕ್ಕ. ಅವನು ಅಗಿಯುವ ಸಪ್ಪಳ ಕೇಳುತ್ತಿತ್ತು. ಅವಳಿಗೆ ಬೇಕಾಗಿದ್ದುದು ಅದೊಂದೇ. ಇತ್ತ ಒಲೆಯ ಮೇಲೆ ಗಂಡನ ಕೊನೆಯ ಸ್ನಾನಕ್ಕೆ ನೀರು ಕಾಯುತ್ತಿತ್ತು. ಸೆರಗು ಬಾಯಿಗೊತ್ತಿಕೊಂಡು, ಅಳು ನುಂಗಿ, ಮತ್ತೆ ಎಮ್ಮೆಯ ಸುದ್ದಿಗೇ ಬಂದಳು.

"ಆತು ಬಿಡು. ಇವತ್ತ ಅಪ್ಪಗ ಬಯ್ಯಾಕ ಮರ್ತಿಯೇನಬೇ?" ಎಂದು ಅಶ್ಫಾಕ ಛೇಡಿಸಿದ.

ಮೂರು ವರ್ಷದಿಂದ ಅವಳ ಪ್ರತಿ ಫೋನೂ ಫಕ್ಕೀರಸಾಬನ ಮೇಲಿನ ದೂರಿನಿಂದಲೇ ಶುರುವಾಗುತ್ತಿತ್ತು. ಗುಳಿಗೆ ನುಂಗುವುದಿಲ್ಲ, ಬೀಡಿ ಬಿಡುವುದಿಲ್ಲ, ಹೇಳದೆ ಕೇಳದೆ ಹಾವೇರಿ ಬಸ್ಸು ಹತ್ತುತ್ತಾನೆ. ಇವತ್ತು ಆ ಹೆಸರನ್ನೇ ಎತ್ತಿರಲಿಲ್ಲ.

ಒಂದು ಬೈಗುಳ ಸಾಕಿತ್ತು. ಮಗ ನಕ್ಕು ಉಳಿದ ಅನ್ನವನ್ನೂ ಉಣ್ಣುತ್ತಿದ್ದ. ಸುಗರಾಬಿ ಹುಡುಕಿದಳು. ನಲವತ್ತು ವರ್ಷ ಬಾಯಿತುಂಬ ಬೈದವಳಿಗೆ ಆ ಮನುಷ್ಯನ ಒಂದೇ ಒಂದು ತಪ್ಪೂ ನೆನಪಾಗಲಿಲ್ಲ.

ಅಗಿಯುವ ಸಪ್ಪಳ ನಿಂತಿತ್ತು.

"ಅವ್ವಾ?"

"ನಿಮ್ಮಪ್ಪಂದು ಏನೂ ತಪ್ಪಿಲ್ಲಪಾ," ಎಂದಳು. "ನೀ ಉಣ್ಣು."

ಆ ಕಡೆ ತಾಟು ಸರಿಸಿದ್ದು ಕೇಳಿಸಿತು.