ಖಾಲಿ ಬಾರದ ಡಬ್ಬಿ

ಸಿಂಧನೂರಿನ ದವಾಖಾನೆಯವರ ಸಕ್ಕರೆ ಕಾಯಿಲೆಯ ಸಂಶೋಧನೆ ಉಸಿರಾಡಿದ್ದೇ ಈ ಶೇಖರಮ್ಮನ, ಅಂದರೆ ನನ್ನ, ಕೈರುಚಿಯಿಂದ. ಬೇಕಾದರೆ ನಮ್ಮೂರು ತುರ್ವಿಹಾಳದಲ್ಲಿ ಯಾರನ್ನಾದರೂ ಕೇಳಿ. ಇದರಲ್ಲಿ ಅರ್ಧ ಸುಳ್ಳು, ಒಪ್ಪುತ್ತೇನೆ. ಅದರ ಉಸಿರು ನಿಲ್ಲುವ ಹಾಗಾದದ್ದೂ ಇದೇ ಕೈರುಚಿಯಿಂದ.

ಆ ಸಂಶೋಧನೆ ಮಾಡುವವಳು ಯಶೋಧರಾ. ಓದು ಮುಗಿಸಿ ಹಿಡಿದ ಮೊದಲ ಕೆಲಸ. ಹುಡುಗಿ ಎಷ್ಟು ತೆಳ್ಳಗೆ ಅಂದರೆ, ಕಾಲುವೆ ಗಾಳಿ ಜೋರಾದರೆ ಬಳಗಾನೂರಿಗೆ ಹೋಗಿ ಹುಡುಕಬೇಕು. ಕಾಲುವೆ ಬಂದು ಭತ್ತ ಬೆಳೆಯತೊಡಗಿದ ಮೇಲೆ ನಾವು ಮೂರು ಹೊತ್ತೂ ಬಿಳಿ ಅನ್ನ ಉಣ್ಣುವವರು. ಮಧ್ಯಾಹ್ನ ಅದರ ಬದಲು ನವಣೆ ಅನ್ನ ಉಂಡರೆ ಸಕ್ಕರೆ ಇಳಿಯುತ್ತದೆಯೇ ಎಂದು ಅವಳು ನೋಡಬೇಕಿತ್ತು. ಸಕ್ಕರೆ ನೋಡಲು ನನ್ನ ಬೆರಳು ಚುಚ್ಚಿದ ದಿನ ಲಿಂಗಸುಗೂರಿನಿಂದ ಇರುವೆ ಸಾಲು ಹೊರಟಿತ್ತು ಅಂತ ಹೇಳಿ ಅವಳನ್ನು ನಗಿಸಿದ್ದೆ.

ಮಧ್ಯಾಹ್ನ ನಮ್ಮ ಓಣಿಯ ಹೆಂಗಸರಿಗೆಲ್ಲ ತೂಕ ಮಾಡಿದ ನವಣೆ ಅನ್ನದ ಡಬ್ಬಿ ಬರುತ್ತಿತ್ತು. ಸಂಜೆ ಅವಳೇ ಬಂದು, ಡಬ್ಬಿಯಲ್ಲಿ ಉಳಿದದ್ದನ್ನು ತೂಗಿ, ಯಾರು ಎಷ್ಟು ಉಂಡರು ಅಂತ ಬರೆದುಕೊಳ್ಳುತ್ತಿದ್ದಳು.

ಮೊದಲ ದಿನ ನಾನು ಡಬ್ಬಿ ತೊಳೆದು ಶೇಂಗಾ ಉಂಡೆ ಹಾಕಿ ಕೊಟ್ಟೆ. ಪಕ್ಕದ ಭಾಗ್ಯಶ್ರೀ ಚಟ್ನಿಪುಡಿ ಹಾಕಿದ್ದಳು. ಯಶೋಧರಾ ಕೈಮುಗಿದು, ಡಬ್ಬಿಯಲ್ಲಿ ನವಣೆ ಅನ್ನ ಬಿಟ್ಟು ಬೇರೇನೂ ಇರಬಾರದು ಅಂದಳು. ಆಗಲಿ ಅಂದೆವು. ಆದರೆ ದೀಪ ಹಚ್ಚುವ ಹೊತ್ತಿಗೆ ಹೆಣ್ಣುಮಗಳ ಕೈಗೆ ಖಾಲಿ ಡಬ್ಬಿ ಕೊಡುವುದು ಹೇಗೆ? ಮಸ್ಕಿಯ ಬೀಗರಿಂದ ನವಣೆ ತರಿಸಿದೆ. ಓಣಿಗೆಲ್ಲ ಹಂಚಿದೆ.

ವಾರ ಕಳೆಯುವುದರೊಳಗೆ ಹುಡುಗಿಯ ಮುಖ ಬಾಡಿದ ಬದನೆಕಾಯಿ ಆಯಿತು. ಒಂದು ಸಂಜೆ ಡಬ್ಬಿ ತೂಗಿದವಳು ನನ್ನ ಕಟ್ಟೆಯ ಮೇಲೆ ಕುಸಿದು ಕೂತಳು.

"ಆಯಿ, ನನ್ನ ಅನ್ನ ಒಬ್ಬರೂ ಮುಟ್ಟವಲ್ರಿ. ನಾಳೆ ರಾಯಚೂರಿಂದ ನಮ್ಮ ಸರ್ ಬರ್ತಾರ. ಉಣಲಾರದವರ ಮ್ಯಾಲ ಎಂಥಾ ಸಂಶೋಧನೆ ಅಂತ ಇದನ್ನ ನಿಲ್ಲಿಸಿಬಿಡ್ತಾರ."

"ಯಾರು ಮುಟ್ಟಿಲ್ಲ ಬೇ? ನಾ ತಳ ಕೆರದು ಉಂಡೀನಿ."

"ಮತ್ತ ಡಬ್ಬಿ ತುಂಬ ಐತಲ್ರಿ?"

"ಅದು ನಿಂದಲ್ಲ, ನಂದು. ಖಾಲಿ ಡಬ್ಬಿ ಕೊಟ್ಟು ಕಳಸಾಕ ನಾವೇನು ಗತಿಗೆಟ್ಟೀವೇನು? ಬ್ಯಾರೆ ಏನೂ ಹಾಕಬ್ಯಾಡ್ರಿ ಅಂದಿ. ಅದಕ್ಕ ನವಣಿನ ಹಾಕೀವಿ."

ನಂಬಲಿಲ್ಲ. ಒಂದು ತುತ್ತು ಬಾಯಿಗಿಟ್ಟಳು. ಅವಳ ಅನ್ನ ಸಪ್ಪೆ, ನನ್ನದಕ್ಕೆ ಬಳ್ಳೊಳ್ಳಿ, ಕೆಂಪು ಮೆಣಸಿನಕಾಯಿಯ ಒಗ್ಗರಣೆ. ಕಣ್ಣಲ್ಲಿ ನೀರು ಬಂತು, ಹಿಂದೆಯೇ ನಗು ಬಂತು. ಮನೆಮನೆಗೆ ಓಡಿ ಕೇಳಿದಳು. ಎಲ್ಲಾ ಕಡೆ ಇದೇ ಕಥೆ.

ಮರುದಿನ ಬಂದ ಸರ್, ನಗುವನ್ನು ರಾಯಚೂರಿನಲ್ಲೇ ಬೀಗ ಹಾಕಿ ಬಂದ ಮನುಷ್ಯ. ಯಶೋಧರಾ ಏನೂ ಮುಚ್ಚಿಡದೆ ಹೇಳಿದಳು. ಹಾಗಾದರೆ ಈ ವಾರದ ತೂಕವೆಲ್ಲ ನೀರುಪಾಲಾಯಿತು ಅಂದರು. ಆಮೇಲೆ ನನ್ನ ಕಡೆ ತಿರುಗಿ, ನವಣೆ ಬೇಯಿಸಲು ನಿಮಗೆ ಯಾರು ಹೇಳಿದರು ಅಂತ ಕೇಳಿದರು. ಯಾರೂ ಇಲ್ಲ ಅಂದೆ. ಡಬ್ಬಿ ತುಂಬಿ ಮಿಕ್ಕದ್ದನ್ನು ಮಗ ಸೊಸೆಯೂ ಉಂಡರು, ಈಗ ಅವರೇ ಕೇಳಿ ಮಾಡಿಸಿಕೊಳ್ಳುತ್ತಾರೆ ಅಂದೆ. ಸರ್ ಯಶೋಧರಾಳ ಮುಖ ನೋಡಿದರು. ಇದು ಮುಂದುವರಿದರೆ ಅನ್ನ ಕಳಿಸುವುದು ಬೇಡ, ನವಣೆ ಕಾಳು ಕೊಟ್ಟು ಅವರವರ ಮನೆಯಲ್ಲೇ ಮಾಡಿಸಬೇಕು, ಯೋಚಿಸಿ ಸಂಜೆ ಹೇಳುತ್ತೇನೆ ಅಂದರು. ಹೊರಟವರಿಗೆ ನನ್ನದೇ ಡಬ್ಬಿಯಲ್ಲಿ ರೊಟ್ಟಿ, ಪುಂಡಿಪಲ್ಯ ಕಟ್ಟಿ ಕೊಟ್ಟೆ.

ಸಂಜೆ ಆ ಡಬ್ಬಿ ಹಿಡಿದು ಯಶೋಧರಾ ಒಬ್ಬಳೇ ಬಂದಳು. ಸರ್ ತಮ್ಮ ಕೈಯಾರೆ ತುಂಬಿ ಕೊಟ್ಟಿದ್ದಾರಂತೆ. ಕಿವಿಯ ಹತ್ತಿರ ಅಲ್ಲಾಡಿಸಿದೆ. ಒಳಗೆ ಸಣ್ಣ ಮರಳು ಸುರಿದ ಹಾಗೆ ಸರಸರ ಸದ್ದು.

"ಏನೈತಿ ಬೇ ಇದರಾಗ?"

"ನೀವ ಹೇಳ್ರಿ ಆಯಿ" ಅಂತ ತುಟಿ ಬಿಗಿಹಿಡಿದು ನಿಂತಳು.

ಮುಚ್ಚಳ ತೆಗೆಯದೆ ನಾನು ಹೇಳಿಬಿಟ್ಟೆ. ಇಷ್ಟೊತ್ತು ಕೂತು ಕೇಳಿದ್ದೀರಲ್ಲ, ಈಗ ನೀವು ಹೇಳಿ ನೋಡೋಣ.